ಅಂಗಡಿ ಪೇಜಲ್ಲಿ ನಮ್ದೆಷ್ಟು ಹಾಕ್ಬೇಕು, ಬೇರೆಯವರದ್ದೆಷ್ಟು ಶೇರ್ ಮಾಡ್ಬೇಕು

ಮೊದ್ಲು ಒಂದು ಕೆಲಸ ಮಾಡಿ. ಫೇಸ್‌ಬುಕ್ಕಲ್ಲೋ ಇನ್‌ಸ್ಟಾಗ್ರಾಂನಲ್ಲೋ ಇರೋ ನಿಮ್ಮ ಅಂಗಡಿ ಪೇಜ್ ಓಪನ್ ಮಾಡಿ ಕೊನೇ 30 ಪೋಸ್ಟ್ ಎಣಿಸಿ. ಒಂದು ಹಾಳೇಲಿ ಗೆರೆ ಎಳ್ಕೊಂಡು ‘ನಮ್ದು’, ‘ಬೇರೆಯವರದ್ದು’, ‘ಬರೀ ರೇಟು ಆಫರ್ರು’ ಅಂತ ಮೂರು ಕಾಲಂ ಮಾಡಿ, ಒಂದೊಂದು ಪೋಸ್ಟ್‌ಗೂ ಒಂದೊಂದು ಕಡ್ಡಿ ಗೀರ್ತಾ ಹೋಗಿ. ಹಾಸನದಲ್ಲಿ ನಮ್ಮದು ಕಾಫಿ ಪುಡಿ ಅಂಗಡಿ, ಅಪ್ಪ ಬೀಜ ಹುರೀತಾರೆ, ಪೇಜ್ ನಾನು ನೋಡ್ಕೊಳ್ತೀನಿ. ನಾನು ಮೊದಲ ಸಲ ಹೀಗೆ ಎಣಿಸಿದಾಗ ನಮ್ದು ಅಂತ ಇದ್ದಿದ್ದು ನಾಲ್ಕೇ ನಾಲ್ಕು, ಆಫರ್ರು ಏಳು, ಉಳಿದ ಹತ್ತೊಂಬತ್ತೂ ಎಲ್ಲಿಂದಲೋ ಎತ್ತಿ ಹಾಕಿದ್ದು. ಗುಡ್ ಮಾರ್ನಿಂಗ್ ಕಪ್ಪು, ಕಾಫಿ ಬಗ್ಗೆ ನುಡಿಮುತ್ತು, ಹಬ್ಬದ ಟೆಂಪ್ಲೇಟು, ಯಾವುದೋ ದೇಶದ ಕೆಫೆ ವಿಡಿಯೋ. ದಿನಾ ಪೋಸ್ಟ್ ಹಾಕ್ತಿದೀನಿ ಅಂತ ಸಮಾಧಾನ ಇತ್ತು, ಆದ್ರೆ ಆ ಪೇಜ್ ನೋಡಿದ್ರೆ ಅದು ಹಾಸನದ ಅಂಗಡೀದೋ ಹರಿಯಾಣದ್ದೋ ಗೊತ್ತಾಗ್ತಿರ್ಲಿಲ್ಲ.

ನೆಟ್ಟಲ್ಲಿ ಇದಕ್ಕೆ ಬೇಕಾದಷ್ಟು ಲೆಕ್ಕ ಸಿಗತ್ತೆ. 80-20 ಅಂತಾರೆ, ಅಂದ್ರೆ ನೂರರಲ್ಲಿ ಎಂಬತ್ತು ಜನಕ್ಕೆ ಉಪಯೋಗದ್ದು, ಇಪ್ಪತ್ತು ಮಾರೋ ಮಾತು. ಐದು-ಮೂರು-ಎರಡು ಅಂತಾರೆ, ಅಂದ್ರೆ ಹತ್ತರಲ್ಲಿ ಐದು ಬೇರೆಯವರದ್ದು, ಮೂರು ನಮ್ದು, ಎರಡು ಸ್ವಲ್ಪ ಮನೆ ಮಾತು. ನಾನೂ ಈ ಐದು-ಮೂರು-ಎರಡನ್ನ ಆರು ತಿಂಗಳು ಪಾಲಿಸಿ ನೋಡ್ದೆ. ಇದು ಹೊಂದೋದು ಲೇಖನ, ಲಿಂಕು ಹಂಚ್ಕೊಂಡು ‘ಈ ವಿಷಯ ನಮಗೆ ಗೊತ್ತು’ ಅಂತ ತೋರಿಸ್ಬೇಕಾದ ಕಂಪನಿಗಳಿಗೆ, ಸಾಫ್ಟ್‌ವೇರು ಕನ್ಸಲ್ಟಿಂಗು ಆ ಥರದ್ದಕ್ಕೆ. ನಮ್ಮಂಥ ಕೌಂಟರ್ ಅಂಗಡಿಗೆ ಉಲ್ಟಾ ಮಾಡ್ಬೇಕು. ಹತ್ತರಲ್ಲಿ ಏಳು ನಮ್ದು, ಮೂರು ಬೇರೆಯವರದ್ದು, ಆ ಏಳರಲ್ಲೂ ‘ತಗೊಳ್ಳಿ ತಗೊಳ್ಳಿ’ ಅನ್ನೋದು ಒಂದೋ ಎರಡೋ ಇರ್ಲಿ ಸಾಕು. ಯಾಕೆ ಅಂದ್ರೆ ನಮ್ಮ ಹತ್ರ ಇರೋ ಬೀಜ ಹುರಿಯೋ ಡ್ರಮ್ಮು, ನಮ್ಮ ಅಪ್ಪನ ಕೈ, ನಮ್ಮ ಗಿರಾಕಿ ಕೇಳೋ ಪ್ರಶ್ನೆ ಇನ್ಯಾರ ಹತ್ರಾನೂ ಇಲ್ಲ, ಅದನ್ನ ಬಿಟ್ಟು ಎಲ್ಲರ ಹತ್ರಾನೂ ಇರೋದನ್ನ ನಾವೂ ಹಾಕಿದ್ರೆ ಜನ ನಮ್ಮ ಪೇಜ್ ಯಾಕಾದ್ರೂ ನೋಡ್ಬೇಕು ಹೇಳಿ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ, ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನವರೂ ಈಗ ಅದೇ ದಾರಿಗೆ ಬಂದಿದಾರೆ. ಇನ್‌ಸ್ಟಾಗ್ರಾಂ 2024ರ ಏಪ್ರಿಲ್ ಕೊನೇಲಿ ಹೇಳಿದ್ದು, 30 ದಿನದಲ್ಲಿ 10 ಸಲ ಇಲ್ಲಾ ಅದಕ್ಕೂ ಹೆಚ್ಚು ಸಲ ಬೇರೆಯವರ ಪೋಸ್ಟನ್ನ ಏನೂ ಸೇರಿಸದೆ ಹಾಗ್ಹಾಗೇ ಹಾಕೋ ಅಕೌಂಟನ್ನ ಹೊಸಬರಿಗೆ ರೆಕಮೆಂಡ್ ಮಾಡಲ್ಲ ಅಂತ. ನಿಮ್ಮನ್ನ ಆಗ್ಲೇ ಫಾಲೋ ಮಾಡ್ತಿರೋರಿಗೆ ಕಾಣತ್ತೆ, ಹೊಸ ಗಿರಾಕಿಗೆ ಹೋಗಲ್ಲ ಅಷ್ಟೇ. ಫೇಸ್‌ಬುಕ್ಕೂ 2025ರ ಜುಲೈಲಿ ಎತ್ತಿ ಹಾಕೋರ ರೀಚ್ ಕಮ್ಮಿ ಮಾಡ್ತೀವಿ ಅಂತ ಹೇಳ್ತು. ಹೊಸ ಗಿರಾಕಿ ಬರ್ಲಿ ಅಂತಾನೇ ಅಲ್ವಾ ನಾವು ಇಷ್ಟೆಲ್ಲ ಒದ್ದಾಡೋದು.

ಸರಿ, ಏಳು ನಮ್ದು ಹಾಕ್ಬೇಕು ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ‘ದಿನಾ ಏನು ಹಾಕೋದು?’ ಇದಕ್ಕೆ ಕ್ಯಾಲ್ಕುಲೇಟರ್ ಪಕ್ಕ ಒಂದು ಚಿಕ್ಕ ನೋಟ್‌ಬುಕ್ ಇಡಿ. ಕೌಂಟರಲ್ಲಿ ಜನ ಏನೇನು ಕೇಳ್ತಾರೋ ಅದನ್ನ ಅವರ ಮಾತಲ್ಲೇ ಬರ್ಕೊಳ್ಳಿ. ನಮ್ಮ ಪುಸ್ತಕದಲ್ಲಿ ಒಂದು ವಾರದಲ್ಲಿ ಸಿಕ್ಕಿದ್ದು ನೋಡಿ: ‘ಡಿಕಾಕ್ಷನ್ ಇಳೀತಾನೇ ಇಲ್ಲ ಕಣಮ್ಮ’, ‘ಚಿಕೋರಿ ಹಾಕಿದ್ರೆ ಮೋಸಾನಾ?’ (ಕಾಫಿ ಪುಡಿಗೆ ಬೆರೆಸೋ ಒಂದು ಗಿಡದ ಬೇರಿನ ಪುಡಿ ಅದು), ‘ಪಿಬಿ ಅಂದ್ರೆ ಏನು, ಯಾಕೆ ರೇಟ್ ಜಾಸ್ತಿ?’ (ಪೀಬೆರ್ರಿ, ಹಣ್ಣೊಳಗೆ ಎರಡರ ಬದ್ಲು ಒಂದೇ ಆಗಿರೋ ಗುಂಡು ಬೀಜ), ‘ಪುಡಿ ಫ್ರಿಜ್ಜಲ್ಲಿ ಇಡ್ಬೋದಾ?’, ‘ಹೋದ ತಿಂಗಳಿಗಿಂತ ಯಾಕೆ ಜಾಸ್ತಿ ತಗೊಂಡ್ರಿ?’ ಐದು ಪ್ರಶ್ನೆ ಅಂದ್ರೆ ಐದು ಪೋಸ್ಟ್. ಒಬ್ಬರು ಬಾಯಿ ಬಿಟ್ಟು ಕೇಳಿದ್ರು ಅಂದ್ರೆ ಕೇಳದೇ ಹೋದೋರು ಇಪ್ಪತ್ತು ಜನ ಇರ್ತಾರೆ ಅಂತ ಇಟ್ಕೊಳ್ಳಿ.

ಡಿಕಾಕ್ಷನ್ ಪ್ರಶ್ನೇನ ನಾನು ಹೇಗೆ ಮಾಡ್ದೆ ಅಂತ ಹೇಳ್ತೀನಿ. ನಮ್ಮ ಮನೇ ಹಳೇ ಹಿತ್ತಾಳೆ ಫಿಲ್ಟರ್ ತಂದೆ, ಕೌಂಟರ್ ಮೇಲೆ ಇಟ್ಟೆ, ಫೋನನ್ನ ಚಿಕೋರಿ ಡಬ್ಬಕ್ಕೆ ಒರಗಿಸಿ ನಿಲ್ಲಿಸ್ದೆ. ಒಂದ್ಸಲ ಪುಡಿ ಹಾಕಿ ಒಳಗಿನ ತಟ್ಟೆನ ಗಟ್ಟಿಯಾಗಿ ಒತ್ತಿ ಬಿಸಿನೀರು ಹಾಕ್ದೆ, ಒಂದು ಹನಿ ಬೀಳಲಿಲ್ಲ. ಇನ್ನೊಂದ್ಸಲ ಅಷ್ಟೇ ಪುಡಿ, ತಟ್ಟೆನ ಸುಮ್ನೆ ಮೇಲೆ ಕೂರಿಸ್ದೆ, ಟಪ್ ಟಪ್ ಅಂತ ಶುರುವಾಯ್ತು. ಆಮೇಲೆ ಖಾಲಿ ಫಿಲ್ಟರ್‌ನ ಬೆಳಕಿಗೆ ಹಿಡಿದು ತೂತು ಮುಚ್ಕೊಂಡಿರೋದು ತೋರಿಸ್ದೆ, ಗ್ಯಾಸ್ ಉರಿ ಮೇಲೆ ಸ್ವಲ್ಪ ಹೊತ್ತು ಹಿಡಿದು ತಟ್ಟಿದ್ರೆ ಒಳಗೆ ಸೇರ್ಕೊಂಡಿದ್ದ ಹಳೇ ಪುಡಿ ಸುಟ್ಟು ಉದುರತ್ತೆ, ಅದನ್ನೂ ತೋರಿಸ್ದೆ, ಕೊನೇಲಿ ಪುಡಿ ತುಂಬಾ ನುಣ್ಣಗೆ ಆಗಿದ್ರೂ ಇಳಿಯಲ್ಲ, ಮುಂದಿನ ಸಲ ಬಂದಾಗ ‘ಸ್ವಲ್ಪ ತರಿ ಇರ್ಲಿ’ ಅಂತ ಹೇಳಿ ಅಂದೆ. ಒಂದು ನಿಮಿಷಾನೂ ಇಲ್ಲ ಆ ವಿಡಿಯೋ, ನನ್ನ ಮುಖಾನೂ ಇಲ್ಲ ಅದ್ರಲ್ಲಿ, ಕೈ ಮಾತ್ರ. ಇವತ್ತಿಗೂ ಜನ ಸೇವ್ ಮಾಡ್ಕೊಳ್ಳೋದು ಅದನ್ನೇ. ಅಂಗಡಿಗೆ ಬಂದು ‘ತರಿ ಇರ್ಲಿ’ ಅಂತ ಕೇಳೋರು ಬಂದ್ರೆ ನನಗೆ ಗೊತ್ತಾಗತ್ತೆ, ಇವರು ಎಲ್ಲಿಂದ ಬಂದ್ರು ಅಂತ.

ಚಿಕೋರಿ ಪ್ರಶ್ನೇನೂ ಹಾಗೇ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಪ್ರಾಧಿಕಾರ) ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51% ಗಿಂತ ಕಮ್ಮಿ ಇರೋ ಹಾಗಿಲ್ಲ, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು. ನಮ್ಮ ಪ್ಯಾಕೆಟ್‌ನೇ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟು ಒಂದು ಫೋಟೋ, ಕೆಳಗೆ ಮೂರು ಸಾಲು, ಮುಗೀತು. ಸೂಕ್ಷ್ಮ ಪ್ರಶ್ನೇನ ಮುಚ್ಚಿಡೋಕೆ ಹೋಗ್ಬೇಡಿ, ಅಂಥ ಪೋಸ್ಟ್‌ಗೇ ನಂಬಿಕೆ ಬರೋದು.

ಇನ್ನೊಂದು ದೊಡ್ಡ ಗಣಿ ಅಂದ್ರೆ ನಿಮ್ಮ ಕೆಲಸದ ವರ್ಷ. ಕಾಫಿಗಾದ್ರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂಮಳೆ, ಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ಥರ ಘಮ, ಮೂರ್ನಾಲ್ಕು ದಿನಕ್ಕೆ ಮುಗಿದೇ ಹೋಗತ್ತೆ. ನವೆಂಬರಿಂದ ಅರೇಬಿಕಾ ಕುಯ್ಲು, ಆಮೇಲೆ ರೊಬಸ್ಟಾ (ಇವೆರಡು ಕಾಫಿ ಜಾತಿ), ಕಣದಲ್ಲಿ ಒಣಗಿಸೋದು, ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಹೋಗೋದು. ಅಕ್ಟೋಬರ್ 1 ಕಾಫಿ ದಿನ, ಅವತ್ತು ಎಲ್ಲರೂ ಅದೇ ಕಪ್ಪಿನ ಪೋಸ್ಟರ್ ಹಾಕ್ತಾರೆ, ನಾವು ಅವತ್ತು ಅಂಗಡೀಲಿ ಎಷ್ಟು ಹೊತ್ತಿಗೆ ಡ್ರಮ್ ಶುರುವಾಗತ್ತೆ, ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತೀವಿ ಅಂತ ಒಂದು ದಿನದ ಕಥೆ ಹಾಕ್ತೀವಿ. ನೀವು ಸೀರೆ ಅಂಗಡಿಯೋರಾದ್ರೆ ಮಗ್ಗದ ಕಡೆ ಹೋದಾಗ, ನರ್ಸರಿಯೋರಾದ್ರೆ ಕಸಿ ಕಟ್ಟೋ ಕಾಲದಲ್ಲಿ, ಹೀಗೆ ನಿಮ್ಮ ನಿಮ್ಮ ವರ್ಷ ನಿಮಗೇ ಗೊತ್ತು, ಅದನ್ನ ಕ್ಯಾಲೆಂಡರ್ ಮೇಲೆ ಪೆನ್ಸಿಲಲ್ಲಿ ಬರ್ದಿಡಿ.

ವಿಡಿಯೋಗೆ ಸಿನಿಮಾ ಹಾಡು ಹಾಕೋ ಆಸೆ ಬರತ್ತೆ, ಬೇಡ. ಇನ್‌ಸ್ಟಾಗ್ರಾಂನ ಬಿಸಿನೆಸ್ ಅಕೌಂಟ್‌ಗೆ ಬಹಳಷ್ಟು ಹಾಡು ಸಿಗೋದೇ ಇಲ್ಲ, ಅದಕ್ಕೆ ಕಾರಣ ಇದೆ. ವ್ಯಾಪಾರಕ್ಕೆ ಹಾಡು ಬಳಸೋಕೆ ಬೇರೆ ಲೈಸೆನ್ಸ್ ಬೇಕು. ಬೇರೆ ಆಪಲ್ಲಿ ಹಾಡು ಸೇರಿಸ್ಕೊಂಡು ಬಂದು ಹಾಕೋದು ಇನ್ನೂ ಅಪಾಯ. ಅದ್ರ ಬದ್ಲು ನಿಮ್ಮ ಕೆಲಸದ ಸದ್ದೇ ಇರ್ಲಿ. ಹಸಿ ಬೀಜ ಡ್ರಮ್ಮಲ್ಲಿ ಸುರಿದಾಗ ಜಲ್ಲಿ ಕಲ್ಲು ಸುರಿದ ಹಾಗೆ ಸದ್ದು, ಆಮೇಲೆ ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು, ಆಗ ಚಟ್ ಚಟ್ ಚಟ್ ಅಂತ ಸಿಡಿಯೋಕೆ ಶುರು, ಅಪ್ಪ ಮಾತಾಡ್ತಿದ್ದೋರು ಮಾತು ನಿಲ್ಲಿಸಿ ಕಿವಿ ಕೊಡ್ತಾರೆ ಆಗ. ಬಾಗಿಲು ತೆಗೆದು ಬೀಜ ತಟ್ಟೆಗೆ ಸುರಿಯೋವಾಗ ಬುಸ್ ಅಂತ ಹೊಗೆ. ಇದಕ್ಕಿಂತ ಒಳ್ಳೇ ಮ್ಯೂಸಿಕ್ ನಾನೆಲ್ಲಿಂದ ತರ್ಲಿ.

ಈಗ ಆ ಮೂರರ ವಿಷಯಕ್ಕೆ ಬರೋಣ, ಬೇರೆಯವರದ್ದು ಶೇರ್ ಮಾಡೋದು. ಪೂರ್ತಿ ಬಿಟ್ಬಿಡಿ ಅಂತ ನಾನು ಹೇಳಲ್ಲ, ಬರೀ ನಮ್ಮ ವಿಷಯಾನೇ ಮಾತಾಡೋ ಪೇಜು ಮದುವೆ ಮನೇಲಿ ತನ್ನ ಮಗನ ಸಂಬಳಾನೇ ಹೇಳ್ಕೊಂಡು ಕೂರೋ ನೆಂಟರ ಥರ ಆಗತ್ತೆ. ಆದ್ರೆ ಶೇರ್ ಮಾಡೋಕೆ ಮುಂಚೆ ನಾನು ಕೇಳ್ಕೊಳ್ಳೋ ಪ್ರಶ್ನೆ ಒಂದೇ: ಇದಕ್ಕೆ ನನ್ನ ಕಡೆಯಿಂದ ಎರಡು ಸಾಲು ಸೇರಿಸೋಕೆ ಇದ್ಯಾ? ಇದ್ರೆ ಶೇರ್, ಇಲ್ದಿದ್ರೆ ನೋಡಿ ಖುಷಿಪಟ್ಟು ಸುಮ್ನಿರೋದು.

ಉದಾಹರಣೆ ಕೊಡ್ತೀನಿ. 2024ರ ಕೊನೆ, 2025ರ ಶುರು, ಕಾಫಿ ರೇಟು ಹುಚ್ಚಾಪಟ್ಟೆ ಏರ್ತು. ಬ್ರೆಜಿಲ್ಲಲ್ಲಿ ಬರ, ವಿಯೆಟ್ನಾಂನಲ್ಲೂ ಬೆಳೆ ಕಮ್ಮಿ, 2025ರ ಫೆಬ್ರವರೀಲಿ ನ್ಯೂಯಾರ್ಕ್ ಪೇಟೇಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ಹೋಯ್ತು. ಬೆಳೆಗಾರರಿಗೆ ಬಹಳ ವರ್ಷದ ಮೇಲೆ ಕೈಗೆ ನಾಲ್ಕು ಕಾಸು ಬಂತು, ನಮ್ಮಂಥ ಪುಡಿ ಅಂಗಡಿಯೋರು ಮಾತ್ರ ಗಿರಾಕಿ ಮುಖ ನೋಡೋಕೆ ಸಂಕಟ ಪಡೋ ಹಾಗಾಯ್ತು. ಆಗ ಆ ಸುದ್ದಿ ಲಿಂಕ್ ಶೇರ್ ಮಾಡಿ ಮೇಲೆ ನಾನು ಬರೆದಿದ್ದು ಇಷ್ಟೇ: ‘ನಾವು ಬೀಜ ತರೋ ರೇಟೂ ಇದ್ರ ಜೊತೆಗೇ ಏರಿದೆ, ಅದಕ್ಕೇ ಈ ತಿಂಗಳಿಂದ ಪುಡಿ ರೇಟು ಬದಲಾಗಿದೆ. ಚಿಕೋರಿ ಜಾಸ್ತಿ ಮಾಡಿ ಹಳೇ ರೇಟಿಗೇ ಕೊಡ್ಬೋದಿತ್ತು, ಅದನ್ನ ಮಾಡಿಲ್ಲ. ಅರ್ಧ ಕೆಜಿ ತಗೊಳ್ತಿದ್ದೋರು ಕಾಲು ಕೆಜಿ ತಗೊಂಡ್ರೂ ಬೇಜಾರಿಲ್ಲ.’ ಸುದ್ದಿ ಅವರದ್ದು, ಆದ್ರೆ ಜನ ಓದಿದ್ದು ಆ ಮೂರು ಸಾಲು. ಕೌಂಟರಲ್ಲಿ ಜಗಳ ಆಗೋ ಜಾಗದಲ್ಲಿ ‘ಓದ್ದೆ ಕಣಮ್ಮ’ ಅಂತ ಹೇಳಿ ದುಡ್ಡು ಕೊಟ್ಟು ಹೋದ್ರು. ಬರೀ ಲಿಂಕ್ ಹಾಕಿದ್ದಿದ್ರೆ ಅದು ಸುಮ್ನೆ ಇನ್ನೊಂದು ನ್ಯೂಸ್ ಆಗ್ತಿತ್ತು.

ಯಾರದ್ದು ಶೇರ್ ಮಾಡ್ಬೇಕು ಅಂದ್ರೆ, ನಿಮ್ಮ ಕಸುಬಿನ ಮೂಲ ಯಾವುದೋ ಅಲ್ಲಿಂದ. ನಮಗೆ ಕಾಫಿ ಬೋರ್ಡ್, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ನಮಗೆ ಬೀಜ ಕೊಡೋ ತೋಟದವರು, ಊರಿನ ಮಳೆ-ರಸ್ತೆ ಸುದ್ದಿ. ಶಿರಾಡಿ ಘಾಟ್ ಬಂದ್ ಆಯ್ತು ಅಂದ್ರೆ ಮಂಗಳೂರು ಪಾರ್ಸಲ್ ತಡ ಆಗತ್ತೆ ಅಂತ ಎರಡು ಸಾಲು ಸೇರಿಸಿ ಹಾಕ್ತೀನಿ, ಅದೂ ಶೇರೇ, ಎಲ್ಲಕ್ಕಿಂತ ಉಪಯೋಗಕ್ಕೆ ಬರೋ ಶೇರು. ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಜಿಐ, ಅಂದ್ರೆ ಇದು ಇದೇ ಜಾಗದ್ದು ಅನ್ನೋ ಸರ್ಕಾರಿ ಗುರುತು, ಸಿಕ್ತಲ್ಲ, ಆ ಥರದ ವಿಷಯ ಬಂದಾಗ್ಲೂ ಹಾಗೇ, ‘ನಮ್ಮ ಅಂಗಡೀಲಿ ಇರೋದು ಇದ್ರಲ್ಲಿ ಯಾವುದು, ಯಾವುದು ಅಲ್ಲ’ ಅಂತ ನಿಜ ಹೇಳಿ ಸೇರಿಸಿ.

ಗಿರಾಕಿಗಳು ಹಾಕೋ ಫೋಟೋ ಇದೆಯಲ್ಲ, ಅದು ನಮ್ದೂ ಹೌದು ಬೇರೆಯವರದ್ದೂ ಹೌದು. ಯಾರೋ ಬೆಳಿಗ್ಗೆ ನಮ್ಮ ಪುಡೀಲಿ ಕಾಫಿ ಮಾಡ್ಕೊಂಡು ಸ್ಟೋರೀಲಿ ನಮ್ಮನ್ನ ಮೆನ್ಷನ್ ಮಾಡ್ತಾರೆ, ಅಲ್ಲೇ ಬಟನ್ ಬರತ್ತೆ, ನಮ್ಮ ಸ್ಟೋರಿಗೆ ಸೇರಿಸ್ಕೊಳ್ಬೋದು, ತೊಂದ್ರೆ ಇಲ್ಲ. ಆದ್ರೆ ಆ ಫೋಟೋನ ಪೋಸ್ಟ್ ಮಾಡೋದಾದ್ರೆ ಕೇಳ್ಲೇಬೇಕು. ನಾನು ಕಳ್ಸೋದು ಹೀಗೆ: ‘ಅಕ್ಕಾ, ನಿಮ್ಮ ಫೋಟೋ ತುಂಬ ಚೆನ್ನಾಗಿದೆ, ನಮ್ಮ ಪೇಜಲ್ಲಿ ಹಾಕ್ಬೋದಾ? ಹೆಸರು ಹಾಕ್ಲಾ ಬೇಡ್ವಾ?’ ಇಲ್ಲೀವರೆಗೂ ಬೇಡ ಅಂದೋರು ಇಬ್ರೇ. ಮಕ್ಕಳ ಮುಖ ಇರೋದು ಮಾತ್ರ ಕೇಳೋದೂ ಇಲ್ಲ, ಹಾಕೋದೂ ಇಲ್ಲ. ತೋಟದವರ ವಿಡಿಯೋ ಆದ್ರೆ ಡೌನ್‌ಲೋಡ್ ಮಾಡಿ ನಮ್ಮ ಲೋಗೋ ಅಂಟಿಸೋದು ಬೇಡ, ಕೊಲಾಬ್ ಕೇಳಿ, ಎರಡೂ ಪೇಜಲ್ಲಿ ಒಂದೇ ಪೋಸ್ಟ್ ಇಬ್ಬರ ಹೆಸರಲ್ಲೂ ಕಾಣತ್ತೆ. 2025ರ ಆಗಸ್ಟಿಂದ ಇನ್‌ಸ್ಟಾಗ್ರಾಂನಲ್ಲಿ ರೀಪೋಸ್ಟ್ ಬಟನ್ನೂ ಬಂದಿದೆ, ಅದ್ರಲ್ಲಿ ಮೂಲದವರ ಹೆಸರು ಹಾಗೇ ಉಳಿಯತ್ತೆ.

ಈ ವಿಷಯ ನಾನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಒಂದ್ಸಲ ಬೇರೆ ಊರಿನ ಅಂಗಡಿಯೋರು ನಮ್ಮ ಹುರಿಯೋ ವಿಡಿಯೋ ಎತ್ಕೊಂಡು ಅವರ ಹೆಸರು ಹಾಕಿ ಬಿಟ್ಟಿದ್ರು. ಡ್ರಮ್ಮಿನ ಪಕ್ಕ ಅಪ್ಪನ ಕೈ, ಆ ಕೈಯಲ್ಲಿರೋ ಸುಟ್ಟ ಕಲೆ ಕೂಡ ಕಾಣ್ತಿತ್ತು. ಅಪ್ಪ ನೋಡಿ ‘ಇರ್ಲಿ ಬಿಡು’ ಅಂದ್ರು, ನನಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಅವತ್ತು ರಾತ್ರಿ ಕೂತು ನಮ್ಮ ಪೇಜಲ್ಲಿದ್ದ ಹೂವಿನ ಫೋಟೋಗಳನ್ನ ನೋಡ್ದೆ, ಗೂಗಲ್ಲಲ್ಲಿ ಸಿಕ್ಕಿದ್ದು ಅಂತ ನಾನೇ ಹಾಕಿದ್ದು, ಯಾರೋ ಬೆಳಿಗ್ಗೆ ಐದಕ್ಕೆದ್ದು ತೋಟಕ್ಕೆ ಹೋಗಿ ತೆಗೆದಿದ್ದು. ಎಲ್ಲಾ ಡಿಲೀಟ್ ಮಾಡ್ದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಸಾಮಾನ್ಯವಾಗಿ ಫೋಟೋ ತೆಗೆದೋರದ್ದೇ, ಗೂಗಲ್ಲಲ್ಲಿ ಸಿಕ್ತು ಅಂದ ಮಾತ್ರಕ್ಕೆ ನಮ್ದಾಗಲ್ಲ. ‘ಕೃಪೆ: ವಾಟ್ಸಾಪ್’ ಅಂತ ಕೆಳಗೆ ಬರೆದ್ರೆ ಸಾಕು ಅಂದ್ಕೊಂಡಿರೋರು ಬಹಳ ಜನ ಇದಾರೆ. ವಾಟ್ಸಾಪ್ ಫೋಟೋ ತೆಗೆಯಲ್ಲ, ತೆಗೆದೋರು ಒಬ್ಬರು ಮನುಷ್ಯರು ಇದಾರೆ. ಹೆಸರು ಹಾಕೋದು ಮರ್ಯಾದೆ, ಅನುಮತಿ ಅದು ಬೇರೆ, ಎರಡೂ ಬೇಕು. ಪೇಪರ್ ಕಟಿಂಗೂ ಅಷ್ಟೇ, ಇ-ಪೇಪರ್ ಪುಟದ ಪಿಡಿಎಫ್ ಹಂಚ್ಬೇಡಿ, ಅವರ ಲಿಂಕ್ ಕೊಡಿ.

ಆರೋಗ್ಯದ ಫಾರ್ವರ್ಡ್ ಮಾತ್ರ ಯಾವತ್ತೂ ಬೇಡ. ಶುರುವಲ್ಲಿ ನಾನು ‘ದಿನಾ ಫಿಲ್ಟರ್ ಕಾಫಿ ಕುಡಿದ್ರೆ ಶುಗರ್ ಹತ್ರ ಬರಲ್ಲ’ ಅನ್ನೋ ಒಂದು ಚಿತ್ರ ಅಂಗಡಿ ಸ್ಟೇಟಸ್‌ಗೆ ಹಾಕಿದ್ದೆ. ಮಾರನೇ ದಿನ ನಮ್ಮ ಹಳೇ ಗಿರಾಕಿ, ರಿಟೈರ್ಡ್ ಮೇಷ್ಟ್ರು, ಶುಗರ್ ಇದೆ ಅವರಿಗೆ, ಬಂದು ‘ಏನಮ್ಮಾ, ಇದು ನಿಜಾನಾ? ಹಂಗಾದ್ರೆ ಇನ್ನೊಂದು ಲೋಟ ಜಾಸ್ತಿ ಕುಡೀಲಾ?’ ಅಂತ ಕೇಳಿದ್ರು. ನಿಜವಾಗ್ಲೂ ನಂಬಿ ಕೇಳಿದ್ರು. ಯಾಕೆ ಅಂದ್ರೆ ಅದು ಅವರಿಗೆ ಯಾವುದೋ ಗ್ರೂಪಿಂದ ಬಂದಿದ್ದಲ್ಲ, ಇಪ್ಪತ್ತು ವರ್ಷದಿಂದ ಪುಡಿ ತಗೊಳ್ತಿರೋ ಅಂಗಡಿಯಿಂದ ಬಂದಿದ್ದು. ‘ಸಾರ್, ತಪ್ಪಾಯ್ತು, ಡಾಕ್ಟ್ರು ಹೇಳಿದ್ದನ್ನೇ ಕೇಳಿ’ ಅಂತ ಅವರ ಮುಂದೇನೇ ತೆಗೆದೆ. ತಿನ್ನೋ ಕುಡಿಯೋ ವಸ್ತು ಮಾರೋರು ಆರೋಗ್ಯದ ಬಗ್ಗೆ ಏನು ಹೇಳ್ಬೋದು ಏನು ಹೇಳ್ಬಾರ್ದು ಅನ್ನೋದಕ್ಕೆ 2018ರಿಂದ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮಾನೇ ಇದೆ, ‘ನಾನು ಬರೆದಿದ್ದಲ್ಲ, ಫಾರ್ವರ್ಡ್ ಮಾಡಿದ್ದು’ ಅಂತ ಹೇಳಿ ಕೈ ತೊಳ್ಕೊಳ್ಬೋದು ಅಂತ ಅಂದ್ಕೋಬೇಡಿ.

ವಾಟ್ಸಾಪ್ ಲೆಕ್ಕ ಸ್ವಲ್ಪ ಬೇರೆ. ಸ್ಟೇಟಸ್ 24 ಗಂಟೆಗೆ ಹೋಗತ್ತೆ, ಅಲ್ಲಿ ನೋಡೋರೆಲ್ಲ ನಮ್ಮ ನಂಬರ್ ಸೇವ್ ಮಾಡ್ಕೊಂಡಿರೋರು, ಅಂದ್ರೆ ಪರಿಚಯದವರು. ಅಲ್ಲಿ ನಾನು ಬೇರೆಯವರದ್ದು ಹಾಕೋದೇ ಇಲ್ಲ ಅನ್ಬೋದು. ಇವತ್ತು ಪಿಬಿ ಹುರಿದಿದೆ, ನಾಳೆ ಅಮಾವಾಸ್ಯೆ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರತ್ತೆ, ಹೊಸ ಬೀಜ ಬಂತು, ಇಷ್ಟೇ. ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ 256 ಜನ, ಅವರೂ ನಮ್ಮ ನಂಬರ್ ಸೇವ್ ಮಾಡಿದ್ರೇನೇ ಮೆಸೇಜ್ ಹೋಗೋದು, ಆ ಜಾಗಾನ ಫಾರ್ವರ್ಡ್‌ಗೆ ಹಾಳು ಮಾಡ್ಬೇಡಿ. ಐದಾರು ಕೈ ದಾಟಿ ಬಂದ ಮೆಸೇಜ್ ಕಳ್ಸಿದ್ರೆ ಮೇಲೆ ಎರಡು ಬಾಣದ ಗುರುತು, ‘ಬಹಳ ಸಲ ಫಾರ್ವರ್ಡ್ ಆಗಿದೆ’ ಅಂತ ಬರತ್ತೆ, ಅಂಗಡಿ ಹೆಸರಿನ ಕೆಳಗೆ ಆ ಗುರುತು ಯಾಕೆ ಬೇಕು.

ಹಬ್ಬದ ಪೋಸ್ಟರ್ ಬಗ್ಗೆ ಮನೇಲಿ ನನಗೂ ಅಪ್ಪನಿಗೂ ಒಮ್ಮತ ಇಲ್ಲ. ಅವರಿಗೆ ಯುಗಾದಿಗೆ ಶುಭಾಶಯ ಹಾಕ್ದಿದ್ರೆ ಏನೋ ತಪ್ಪು ಮಾಡಿದ ಹಾಗೆ. ಅದಕ್ಕೆ ನಾವು ಮಾಡ್ಕೊಂಡಿರೋದು, ಹಬ್ಬದ ಪೋಸ್ಟಲ್ಲಿ ಒಂದು ಉಪಯೋಗದ ಮಾತು ಇರ್ಲೇಬೇಕು. ವರಮಹಾಲಕ್ಷ್ಮಿ ಹಿಂದಿನ ದಿನ ಅಂಗಡಿ ರಾತ್ರಿ ಎಷ್ಟರ ತನಕ ತೆಗ್ದಿರತ್ತೆ, ಇಪ್ಪತ್ತು ಜನ ನೆಂಟರು ಬಂದ್ರೆ ಎಷ್ಟು ಪುಡಿ ಬೇಕು. ಟೆಂಪ್ಲೇಟ್ ಬದ್ಲು ನಮ್ಮ ಅಂಗಡಿ ಬಾಗಿಲಿಗೆ ಕಟ್ಟಿರೋ ಮಾವಿನೆಲೆ ತೋರಣದ ಫೋಟೋ. ಹಾಗೆ ಮಾಡಿದ್ರೆ ಅದೂ ‘ನಮ್ದು’ ಕಾಲಮ್ಮಿಗೇ ಸೇರತ್ತೆ.

ವಾರಕ್ಕೆ ಎಷ್ಟು ಅಂದ್ರೆ, ನಾವು ಪೇಜಿಗೆ ಐದು ಹಾಕ್ತೀವಿ. ದಿನಾ ಹಾಕ್ಲೇಬೇಕು ಅಂತ ಹಠ ಹಿಡಿದಾಗ್ಲೇ ಕೈ ತಾನಾಗೇ ಶೇರ್ ಬಟನ್ ಕಡೆ ಹೋಗೋದು. ಸೋಮವಾರ ಕೌಂಟರ್ ಪ್ರಶ್ನೆ ಒಂದು, ಬುಧವಾರ ಹುರಿಯೋದೋ ಪ್ಯಾಕ್ ಮಾಡೋದೋ ಕೆಲಸದ ವಿಡಿಯೋ, ಗುರುವಾರ ಶೇರು ಮತ್ತೆ ಅದ್ರ ಮೇಲೆ ನಮ್ಮ ಸಾಲು, ಶನಿವಾರ ಗಿರಾಕಿ ಫೋಟೋ ಇದ್ರೆ ಅದು, ಭಾನುವಾರ ರೇಟು ಸ್ಟಾಕು. ಹೆಚ್ಚುಕಮ್ಮಿ ಆಗತ್ತೆ, ಆಗ್ಲಿ. ತಿಂಗಳ ಕೊನೇಲಿ ಮತ್ತೆ ಆ ಮೂರು ಕಾಲಂ ಎಣಿಸ್ತೀನಿ, ಬೇರೆಯವರದ್ದು ಮೂರನೇ ಒಂದು ಪಾಲು ದಾಟಿದ್ರೆ ಮುಂದಿನ ತಿಂಗಳು ಶೇರ್ ಕಮ್ಮಿ ಮಾಡ್ತೀನಿ. ಲೈಕ್ ನೋಡಿ ಲೆಕ್ಕ ಹಾಕ್ಬೇಡಿ, ಗುಡ್ ಮಾರ್ನಿಂಗ್ ಚಿತ್ರಕ್ಕೆ ನಮ್ಮ ನೆಂಟರೇ ನೂರು ಲೈಕ್ ಕೊಡ್ತಾರೆ. ಎಷ್ಟು ಜನ ಸೇವ್ ಮಾಡಿದ್ರು, ಎಷ್ಟು ಜನ ಇನ್ನೊಬ್ಬರಿಗೆ ಕಳ್ಸಿದ್ರು, ಫಾಲೋ ಮಾಡದೇ ಇರೋರಿಗೆ ಎಷ್ಟು ತಲುಪಿದೆ, ಇದು ಆಪಲ್ಲೇ ಇರೋ ಇನ್‌ಸೈಟ್ಸ್ ಅನ್ನೋ ಲೆಕ್ಕದ ಪುಟದಲ್ಲಿ ಸಿಗತ್ತೆ, ಅದನ್ನ ನೋಡಿ. ‘ವಿಡಿಯೋ ನೋಡ್ಕೊಂಡು ಬಂದೆ’ ಅಂತ ಯಾರಾದ್ರೂ ಅಂದ್ರೆ ಅದೇ ನೋಟ್‌ಬುಕ್ಕಲ್ಲಿ ಕಡೇ ಪುಟದಲ್ಲಿ ಯಾವ ವಿಡಿಯೋ ಅಂತ ಕೇಳಿ ಬರ್ಕೊಳ್ಳಿ.

ಕೈ ಬಿಡುವಿಲ್ಲದ ವಾರ ಬಂದೇ ಬರತ್ತೆ, ಮನೇಲಿ ಮದುವೆ, ಯಾರಿಗೋ ಹುಷಾರಿಲ್ಲ, ಮೆಷಿನ್ ರಿಪೇರಿ. ಅದಕ್ಕೆ ಅಂತ ನನ್ನ ಫೋನಲ್ಲಿ ‘ಭರಣಿ’ ಅಂತ ಒಂದು ಆಲ್ಬಂ ಮಾಡಿದೀನಿ. ಕೆಲಸ ಮಾಡ್ತಾ ಮಾಡ್ತಾ ಸಿಕ್ಕಿದ ಹತ್ತಿಪ್ಪತ್ತು ಸೆಕೆಂಡಿನ ತುಣುಕು ಎಲ್ಲ ಅದಕ್ಕೆ ಹಾಕ್ತೀನಿ, ಗೋಣಿಚೀಲದ ಹೊಲಿಗೆ ಬಿಚ್ಚೋದು, ತಕ್ಕಡಿ ಮುಳ್ಳು ನಿಲ್ಲೋದು, ಪ್ಯಾಕೆಟ್ ಬಾಯಿ ಸೀಲ್ ಆಗೋದು, ಜೂನ್ ಮಳೇಲಿ ಅಂಗಡಿ ಮುಂದೆ ನೀರು ಹರಿಯೋದು. ಯಾವಾಗ್ಲೂ ಅದ್ರಲ್ಲಿ ಆರಾದ್ರೂ ಇರೋ ಹಾಗೆ ನೋಡ್ಕೊಳ್ತೀನಿ. ಹೋದ ಮಳೆಗಾಲ ಡ್ರಮ್ಮಿನ ಮೋಟಾರ್ ಕೆಟ್ಟು ಒಂಬತ್ತು ದಿನ ಹುರಿಯೋದು ನಿಂತಾಗ ಪೇಜ್ ನಡೆದಿದ್ದು ಆ ಭರಣಿಯಿಂದಾನೇ, ಅದ್ರ ಜೊತೆ ಬಿಚ್ಚಿಟ್ಟ ಮೋಟಾರಿನ ಒಂದು ಫೋಟೋ, ‘ರೆಡಿ ಆದ ದಿನ ಹೇಳ್ತೀವಿ’ ಅಂತ ಒಂದು ಸಾಲು. ರೆಡಿ ಆದ ದಿನ ಬೆಳಿಗ್ಗೆ ಅಪ್ಪ ಸ್ವಿಚ್ ಹಾಕಿದಾಗ ಡ್ರಮ್ ತಿರುಗೋಕೆ ಶುರುವಾಯ್ತಲ್ಲ, ಆ ಹನ್ನೆರಡು ಸೆಕೆಂಡ್ ಹಾಕ್ದೆ, ಸಂಜೆ ಅಷ್ಟೊತ್ತಿಗೆ ಪಿಬಿ ಖಾಲಿ.